ನಾಲ್ವರು ಗೆಳೆಯರು, ಒಂದು ಹಳೇ ಮಿಯಾಟಾ: ಡ್ರಿಫ್ಟ್ ಕಲಿಯುವ ಬಗೆ

ಅಮೆರಿಕದಲ್ಲಿ ಓದಿಗೋ ಕೆಲಸಕ್ಕೋ ನೆಲೆಸಿರುವ ನಾಲ್ಕು ಜನ ಗೆಳೆಯರು ದುಡ್ಡು ಹಾಕಿ ಮಾಜ್ದಾ ಮಿಯಾಟಾ ಎಂಬ ಪುಟ್ಟ ಸ್ಪೋರ್ಟ್ಸ್ ಕಾರನ್ನು ಹಳೆಯದೊಂದು ಕೊಂಡು ಡ್ರಿಫ್ಟ್, ಅಂದರೆ ಕಾರಿನ ಹಿಂದುಗಡೆಯನ್ನು ಬೇಕೆಂದೇ ಜಾರಿಸುತ್ತಾ ತಿರುವಿನಲ್ಲಿ ಓಡಿಸುವುದನ್ನು, ಕಲಿಯಬಹುದು. ಇದಕ್ಕೆ ಸಾವಿರ ಕುದುರೆಶಕ್ತಿಯ ಕಾರು ಬೇಕಿಲ್ಲ. ಫಾರ್ಮುಲಾ ಡ್ರಿಫ್ಟ್ ಎಂಬ ವೃತ್ತಿಪರರ ಸ್ಪರ್ಧೆಯ ವಿಡಿಯೊಗಳಲ್ಲಿ ಕಾಣುವ ಹೊಗೆಯ ಮೋಡ ಮಾತ್ರ ಮಿಯಾಟಾದಿಂದ ಬರುವುದಿಲ್ಲ, ಆ ಆಸೆ ಬಿಟ್ಟುಬಿಡಿ. ಈ ಕಾರಿಗೆ ಎಂಜಿನ್ ಚಿಕ್ಕದು, ಮೈ ಗಿಡ್ಡ, ತೂಕ ಕಡಿಮೆ. ಅದರ ಹಿಂದುಗಡೆಯನ್ನು ಜಾರಿಸಿ ಹಾಗೇ ಹಿಡಿದಿಡಬೇಕಾದರೆ ಕೈ ಬೇಗ ಓಡಬೇಕು, ವೇಗವನ್ನು ಪೋಲು ಮಾಡಬಾರದು. ಎರಡನ್ನೂ ಕಲಿಯಲು ಒದ್ದೆ ನೆಲ ಮತ್ತು ಕಡಿಮೆ ವೇಗಕ್ಕಿಂತ ಒಳ್ಳೆಯ ದಾರಿ ಇಲ್ಲ. ಈ ಲೇಖನ ಪೂರ್ತಿ ಆ ಕ್ರಮವನ್ನೇ ಹಿಡಿದು ಹೋಗುತ್ತದೆ.

ಯಾವ ಮಿಯಾಟಾ

1989ರ ಶಿಕಾಗೊ ಆಟೊ ಷೋನಲ್ಲಿ ಹೊರಬಂದ ಮೊದಲ ತಲೆಮಾರಿನ ಕಾರನ್ನು ಎಲ್ಲರೂ ಎನ್‌ಎ ಎನ್ನುತ್ತಾರೆ. ಎದ್ದು ಕೂರುವ ಹೆಡ್‌ಲೈಟ್ ಇರುವುದು ಇದಕ್ಕೇ. 1997ರವರೆಗೆ ಬಂತು. ಅದರ ನಂತರದ ಎನ್‌ಬಿ 2005ರವರೆಗೆ ನಡೆಯಿತು. ಕಲಿಯಲು ಎರಡೂ ಆಗುತ್ತವೆ. ಮೊದಮೊದಲ ಎನ್‌ಎಗಳಲ್ಲಿ 1.6 ಲೀಟರ್ ಎಂಜಿನ್, ಅಮೆರಿಕದ ಲೆಕ್ಕದಲ್ಲಿ 116 ಕುದುರೆಶಕ್ತಿ, ತೂಕ ಒಂದು ಟನ್ನಿಗಿಂತ ತುಸು ಕಡಿಮೆ. 1994ರಿಂದ 1.8 ಲೀಟರ್ ಬಂತು.

ಎಂಜಿನ್ನಿಗಿಂತ ಮುಖ್ಯವಾದದ್ದು ಡಿಫರೆನ್ಷಿಯಲ್, ಅಂದರೆ ಎಂಜಿನ್ನಿನ ಬಲವನ್ನು ಎರಡು ಹಿಂಚಕ್ರಗಳಿಗೆ ಹಂಚುವ ಗೇರುಗಳ ಜೋಡಣೆ. ಸಾಧಾರಣ ಓಪನ್ ಡಿಫರೆನ್ಷಿಯಲ್ ಇದ್ದರೆ ಭಾರ ಕಳೆದುಕೊಂಡ ಒಳಗಿನ ಚಕ್ರ ಸುಮ್ಮನೆ ಸುತ್ತುತ್ತದೆ, ಹೊರಚಕ್ರಕ್ಕೆ ಬಲ ಹೋಗುವುದಿಲ್ಲ, ಕಾರು ಜಾರಿದ ಹಾಗೆ ಮಾಡಿ ನೆಟ್ಟಗಾಗುತ್ತದೆ. ಒದ್ದೆ ನೆಲದಲ್ಲಿ ಇದರಲ್ಲೂ ಒಂದಷ್ಟು ಕಲಿಯಬಹುದು, ಆದರೆ ಒಣ ನೆಲದಲ್ಲಿ ಹಣೆ ಚಚ್ಚಿಕೊಂಡ ಹಾಗೆ. 1.6 ಕಾರುಗಳಲ್ಲಿ ಕೆಲವಕ್ಕೆ ಒಂದೇ ಚಕ್ರ ಸುಮ್ಮನೆ ಸುತ್ತದಂತೆ ತಡೆಯುವ, ವಿಸ್ಕಸ್ ಬಗೆಯ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಇತ್ತು. ಮೂವತ್ತು ವರ್ಷ ಕಳೆದ ಮೇಲೆ ಅದರಲ್ಲಿ ಬಿಗಿ ಉಳಿದಿರುವುದು ಅಪರೂಪ. 1.8 ಕಾರುಗಳಲ್ಲಿ ಕೆಲವಕ್ಕೆ ಬಂದ, ಅದೇ ಕೆಲಸವನ್ನು ಗೇರುಗಳಿಂದ ಮಾಡುವ ಟಾರ್ಸನ್ ಡಿಫರೆನ್ಷಿಯಲ್ ಗಟ್ಟಿ, ಇಂದಿಗೂ ಚೆನ್ನಾಗಿ ಕೆಲಸ ಮಾಡುತ್ತದೆ. ಕೊಳ್ಳುವಾಗ ಇಂಥದ್ದೇ ಕಾರು ಸಿಕ್ಕರೆ ನೂರಿನ್ನೂರು ಡಾಲರ್ ಹೆಚ್ಚು ಕೊಟ್ಟರೂ ನಷ್ಟವಿಲ್ಲ. 1.6 ಕಾರಿಗೆ 1.8ರ ಡಿಫರೆನ್ಷಿಯಲ್ ಕೂರಿಸಬೇಕಾದರೆ ಡಿಫರೆನ್ಷಿಯಲ್ ಒಂದೇ ಸಾಲದು, ಜೊತೆಗೆ ಎರಡೂ ಹಿಂದಿನ ಆಕ್ಸಲ್ ಮತ್ತು ಗೇರ್‌ಬಾಕ್ಸಿನಿಂದ ಹಿಂದಕ್ಕೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಬೇಕು. ಮೂರೂ ಒಟ್ಟಿಗೆ ಕೊಡುವ ಗುಜರಿ ಅಂಗಡಿಯನ್ನೇ ಹುಡುಕಿ.

ಓಪನ್ ಡಿಫರೆನ್ಷಿಯಲ್ ಬಿಚ್ಚಿ ಒಳಗಿನ ಗೇರುಗಳನ್ನು ಬೆಸುಗೆ ಹಾಕಿಸುವುದು ಎಲ್ಲಕ್ಕಿಂತ ಅಗ್ಗದ ದಾರಿ. ಆಗ ಎರಡೂ ಚಕ್ರ ಯಾವಾಗಲೂ ಒಂದೇ ವೇಗದಲ್ಲಿ ಸುತ್ತುತ್ತವೆ. ಡ್ರಿಫ್ಟಿಗೆ ಇದು ಸೊಗಸು. ರಸ್ತೆಯಲ್ಲಿ ಪಾರ್ಕಿಂಗ್ ಮಾಡುವಾಗ ಟೈರು ಕಿರ್ರೆಂದು ಕಿರುಚುತ್ತದೆ, ಮಳೆಯಲ್ಲಿ ಮನೆಗೆ ಓಡಿಸುವಾಗ ಹಿಂದುಗಡೆ ಹಿಡಿತ ತಪ್ಪಿ ಜಾರುತ್ತದೆ. 1.6ರ ಡಿಫರೆನ್ಷಿಯಲ್ಲೂ ಆಕ್ಸಲ್ಲೂ ಚಿಕ್ಕವು, ಬೆಸುಗೆ ಹಾಕಿದ ಮೇಲೆ ಒಣ ನೆಲದ ಹೊಡೆತಕ್ಕೆ ಮುರಿಯುವುದುಂಟು. ಕಾರನ್ನು ಟ್ರೈಲರ್ ಮೇಲೆ ಒಯ್ಯುವುದಾದರೆ ಬೆಸುಗೆ, ಓಡಿಸಿಕೊಂಡೇ ಹೋಗಿ ಬರುವುದಾದರೆ ಟಾರ್ಸನ್. ನಮ್ಮ ಮಟ್ಟಿಗೆ ಇದರಲ್ಲಿ ಯೋಚಿಸುವುದಕ್ಕೆ ಹೆಚ್ಚೇನಿಲ್ಲ.

ಇನ್ನೊಂದು ಅಳತೆ ನೆನಪಿರಲಿ. ಮಿಯಾಟಾದ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವಿನ ದೂರ 2265 ಮಿಲಿಮೀಟರ್. ಡ್ರಿಫ್ಟ್ ಮಂದಿಯ ನೆಚ್ಚಿನ ನಿಸಾನ್ ಎಸ್13ಕ್ಕೆ 2475, ಬಿಎಂಡಬ್ಲ್ಯು ಇ36ಕ್ಕೆ 2700. ಉದ್ದ ಕಡಿಮೆಯಾದಷ್ಟೂ ಕಾರು ಬುಗುರಿಯ ಹಾಗೆ ಬೇಗ ಸುತ್ತಿಕೊಳ್ಳುತ್ತದೆ. ಇ36ರಲ್ಲಿ ಸ್ಟೀರಿಂಗ್ ತಿರುಗಿಸಲು ಸಿಗುವ ಸಮಯ ಇದರಲ್ಲಿ ಸಿಗುವುದಿಲ್ಲ. ಮಿಯಾಟಾದಲ್ಲಿ ಕಲಿತವರಿಗೆ ಬೇರೆ ಕಾರು ಸುಲಭ ಎನ್ನಿಸುವುದು ಇದಕ್ಕೇ.

ಎಲ್ಲಿ ಓಡಿಸಬೇಕು

ರಾತ್ರಿ ಖಾಲಿಯಿರುವ ಮಾಲ್ ಪಾರ್ಕಿಂಗ್, ಗೋದಾಮುಗಳ ಹಿಂದಿನ ರಸ್ತೆ, ಇವೆರಡನ್ನೂ ಮರೆತುಬಿಡಿ. ಲೈಟ್ ಕಂಬ, ಕಲ್ಲಿನ ಅಂಚು, ಎಲ್ಲಿಂದಲೋ ನಡೆದುಬರುವ ಮನುಷ್ಯ, ಯಾವುದೂ ನಿಮ್ಮ ಕೈಯಲ್ಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಇಂಥ ಆಟಕ್ಕೆ ಪೊಲೀಸರು ಕಾರನ್ನು 30 ದಿನದವರೆಗೆ ಜಪ್ತಿ ಮಾಡಬಹುದು. ವೀಸಾ ಮೇಲಿರುವವರಿಗೆ ಕ್ರಿಮಿನಲ್ ಕೇಸು ಎಂದರೆ ಕಾರು ಹೋದದ್ದಕ್ಕಿಂತ ದೊಡ್ಡ ತಲೆನೋವು. ಗುಂಪಿನಲ್ಲಿ ಒಬ್ಬರಾದರೂ ವೀಸಾದವರಿದ್ದರೆ ಉಳಿದವರು ಅವರ ಪರವಾಗಿ ಈ ಮಾತನ್ನು ಗಟ್ಟಿಯಾಗಿ ಹಿಡಿಯಬೇಕು.

ದುಡ್ಡು ಕಟ್ಟಿ ಹೋಗುವ ಜಾಗಗಳು ಇವೆ. ಸಿಯಾಟಲ್ ಕಡೆಯವರಿಗೆ ಮನ್ರೋ ಊರಿನ ಎವರ್‌ಗ್ರೀನ್ ಸ್ಪೀಡ್‌ವೇ, ನ್ಯೂಜೆರ್ಸಿಯವರಿಗೆ ಇಂಗ್ಲಿಷ್‌ಟೌನ್‌ನ ರೇಸ್‌ವೇ ಪಾರ್ಕ್, ಲಾಸ್ ಏಂಜಲೀಸ್ ಸುತ್ತಿನವರಿಗೆ ರೋಸಮಂಡ್‌ನ ವಿಲ್ಲೋ ಸ್ಪ್ರಿಂಗ್ಸ್ ಡ್ರಿಫ್ಟ್ ದಿನಗಳಿಗೆ ಹೆಸರಾದವು. ಹೆಸರು ನೋಂದಾಯಿಸುವ ಮೊದಲು ನಾಲ್ಕು ಪ್ರಶ್ನೆ ಕೇಳಿ: ನೀರು ಹಾಕಿದ ಸ್ಕಿಡ್ ಪ್ಯಾಡ್ (ಜಾರುವುದನ್ನು ಕಲಿಯುವ ತೆರೆದ ಅಂಗಳ) ಇದೆಯೇ, ಹೊಸಬರಿಗೆ ಬೇರೆ ಗುಂಪು ಉಂಟೇ, ಒಂದೇ ಕಾರನ್ನು ಇಬ್ಬರು ಮೂವರು ಓಡಿಸಬಹುದೇ, ಪಕ್ಕದ ಸೀಟಿನಲ್ಲಿ ಜೊತೆಗಾರನಿಗೆ ಅವಕಾಶವಿದೆಯೇ. ಮೊದಲನೆಯದಕ್ಕೆ ಇಲ್ಲ ಎಂಬ ಉತ್ತರ ಬಂದರೆ ಬೇರೆ ದಿನ ನೋಡಿ. ರಸ್ತೆಯ ವಿಮೆ ಸಾಮಾನ್ಯವಾಗಿ ಟ್ರ್ಯಾಕಿನ ಮೇಲಾದ ಹಾನಿಯನ್ನು ಕಟ್ಟಿಕೊಡುವುದಿಲ್ಲ, ಪಾಲಿಸಿ ತೆಗೆದು ಓದಿಕೊಳ್ಳಿ.

ಭಾರತದಲ್ಲಿದ್ದು ಈ ಲೇಖನ ಓದುತ್ತಿರುವವರಿಗೂ ಒಂದು ಮಾತು. ಮಾಜ್ದಾ ಭಾರತದಲ್ಲಿ ಕಾರು ಮಾರಿಲ್ಲ, ಹಿಂಚಕ್ರ ಎಳೆತದ ಹಗುರ ಸ್ಪೋರ್ಟ್ಸ್ ಕಾರು ನಮ್ಮಲ್ಲಿ ಅಗ್ಗಕ್ಕೆ ಸಿಗುವುದೂ ಇಲ್ಲ. ಸಾರ್ವಜನಿಕ ರಸ್ತೆಯಲ್ಲಿ ಮಾಡಿದರೆ ಮೋಟಾರು ವಾಹನ ಕಾಯ್ದೆಯ 184ನೇ ಕಲಂ ಪ್ರಕಾರ ಅಪಾಯಕಾರಿ ಚಾಲನೆಯ ಅಪರಾಧ. ಅಲ್ಲಿರುವವರು 900 ಡಿಗ್ರಿ ತಿರುಗುವ, ಕೈಗೆ ಬಲ ಕೊಡುವ ಸ್ಟೀರಿಂಗ್ ಮತ್ತು ಮೂರು ಪೆಡಲ್ ಇರುವ ಸಿಮ್ಯುಲೇಟರಿನಿಂದ ಶುರು ಮಾಡಬಹುದು. ಮುಂದೆ ಬರುವ ಸ್ಟೀರಿಂಗ್ ಬಿಟ್ಟು ಹಿಡಿಯುವ ಅಭ್ಯಾಸಕ್ಕೆ ಅದು ನಿಜಕ್ಕೂ ನೆರವಾಗುತ್ತದೆ.

ಟ್ರ್ಯಾಕಿಗೆ ಹೋಗುವ ಹಿಂದಿನ ವಾರ

ಮೊದಲು ತಲೆ ಉಳಿಸಿಕೊಳ್ಳುವ ಸಾಮಾನು. ಮಿಯಾಟಾ ಮುಚ್ಚಿಗೆ ಬಟ್ಟೆಯದು, ಕಾರು ಮಗುಚಿದರೆ ಮುಂಗಾಜಿನ ಚೌಕಟ್ಟು ಆಧಾರಕ್ಕೆ ನಿಲ್ಲುವುದಿಲ್ಲ. ಹಾಗಾಗಿ ಬೋಲ್ಟ್ ಹಾಕಿ ಕೂರಿಸುವ ರೋಲ್ ಬಾರ್, ಅಂದರೆ ಸೀಟುಗಳ ಹಿಂದೆ ಕಮಾನಿನಂತೆ ನಿಲ್ಲುವ ಉಕ್ಕಿನ ಕೊಳವೆ, ಬೇಕೇ ಬೇಕು. ನೋಡಲಷ್ಟೇ ಇರುವ ತೆಳು ಬಳೆಯಂಥ ಬಾರ್‌ಗಳನ್ನು ಕೊಳ್ಳಬೇಡಿ. ಬಾರಿನ ತುದಿಯಿಂದ ಮುಂಗಾಜಿನ ಚೌಕಟ್ಟಿನ ತುದಿಗೆ ಒಂದು ನೇರ ಕೋಲು ಇಟ್ಟು, ನಿಮ್ಮಲ್ಲಿ ಎಲ್ಲರಿಗಿಂತ ಎತ್ತರದವರು ಹೆಲ್ಮೆಟ್ ಹಾಕಿ ಕೂತು ನೋಡಲಿ. ಹೆಲ್ಮೆಟ್ಟಿನ ನೆತ್ತಿ ಕೋಲಿಗಿಂತ ಎರಡು ಇಂಚಾದರೂ ಕೆಳಗಿರಬೇಕು. ಇಲ್ಲದಿದ್ದರೆ ಸೀಟಿನ ಸ್ಪಂಜು ತೆಗೆದು ತಗ್ಗಿಸಿ. ಹೆಲ್ಮೆಟ್ ಕಾರು ಓಟಕ್ಕೆಂದೇ ಇರುವ ಸ್ನೆಲ್ ಎಸ್‌ಎ ಗುರುತಿನದು, ಎಸ್‌ಎ2020 ಅಥವಾ ಅದರ ನಂತರದ್ದು ಆಗಲಿ. ನಾಲ್ವರಿಗೆ ಎರಡು ಹೆಲ್ಮೆಟ್ ಸಾಕು, ಒಳಗೆ ಹಾಕುವ ಬಟ್ಟೆಯ ಟೋಪಿ ಮಾತ್ರ ಪ್ರತಿಯೊಬ್ಬರದೂ ಬೇರೆ.

ಆಮೇಲೆ ಕಾರನ್ನು ಜಾಕ್ ಮೇಲೆ ಎತ್ತಿ, ಸ್ಟ್ಯಾಂಡ್ ಕೊಟ್ಟು, ಹಿಂದಿನ ಚಕ್ರ ಬಿಚ್ಚಿ. ಹ್ಯಾಂಡ್‌ಬ್ರೇಕ್ ಸರಿಮಾಡುವ ಕೆಲಸ ಇಲ್ಲಿಂದ ಶುರು. ಹಿಂದಿನ ಬ್ರೇಕ್ ಕ್ಯಾಲಿಪರಿನ ಬೆನ್ನ ಮೇಲೆ ಒಂದು ಮುಚ್ಚಳದ ಬೋಲ್ಟ್ ಇದೆ. ಅದನ್ನು ತೆಗೆದರೆ ಒಳಗೆ 4 ಮಿಲಿಮೀಟರ್ ಅಲೆನ್ ಕೀ ಕೂರುವ ತಿರುಪು. ಪ್ಯಾಡು ಡಿಸ್ಕನ್ನು ಕಚ್ಚಿ ಚಕ್ರದ ಹಬ್ ಕೈಯಲ್ಲಿ ತಿರುಗದಷ್ಟು ಬಿಗಿ ಮಾಡಿ, ಮೂರನೇ ಒಂದು ಸುತ್ತು ಹಿಂದಕ್ಕೆ ಬಿಡಿ. ಎರಡೂ ಕಡೆ ಹೀಗೇ ಮಾಡಿ ಮುಚ್ಚಳ ಹಾಕಿ. ಇಷ್ಟಾದ ಮೇಲೂ ಲಿವರ್ ಮೇಲಕ್ಕೇ ಹೋಗುತ್ತಿದ್ದರೆ ಆಗ ಕೇಬಲ್ಲಿನ ತಿರುಪಿಗೆ ಕೈ ಹಾಕಿ. ಅನೇಕರು ಉಲ್ಟಾ ಮಾಡುತ್ತಾರೆ, ಮೊದಲು ಕೇಬಲ್ ಬಿಗಿಯುತ್ತಾರೆ. ಆಗ ಪ್ಯಾಡು ಡಿಸ್ಕಿಗೆ ಸದಾ ಉಜ್ಜಿ ಕಾಯುತ್ತದೆ, ಹಿಡಿತವೂ ಬರುವುದಿಲ್ಲ.

ರೇಡಿಯೇಟರಿನ ಮೇಲಿನ ಪ್ಲಾಸ್ಟಿಕ್ ತೊಟ್ಟಿ ಕಪ್ಪಗಿದ್ದರೆ ಸರಿ. ಕಂದು ಬಣ್ಣಕ್ಕೆ ತಿರುಗಿದ್ದರೆ ಅದು ಬಿರಿಯುವ ದಿನ ದೂರವಿಲ್ಲ, ಬದಲಾಯಿಸಿ. ಕಾರಿನ ಅಡಿಯ ಪ್ಲಾಸ್ಟಿಕ್ ತಟ್ಟೆ ಎಷ್ಟೋ ಹಳೇ ಕಾರುಗಳಲ್ಲಿ ಬಿದ್ದುಹೋಗಿರುತ್ತದೆ. ಅದಿಲ್ಲದಿದ್ದರೆ ಗಾಳಿ ರೇಡಿಯೇಟರಿನೊಳಗೆ ನುಗ್ಗದೆ ಕೆಳಗಿಂದ ಸೋರಿಹೋಗಿ ಎಂಜಿನ್ ಕಾಯುತ್ತದೆ. ಇನ್ನೊಂದು ವಿಷಯ: ಮಿಯಾಟಾದ ತಾಪಮಾನದ ಮುಳ್ಳು ನಡುವಿನಲ್ಲೇ ನಿಂತಿರುವ ಹಾಗೆ ಮಾಡಲಾಗಿದೆ. ಅದು ಅಲುಗಾಡಿದಾಗ ಕಾದು ಆಗಲೇ ಹೊತ್ತಾಗಿರುತ್ತದೆ. ನಾಲ್ವರು ಸರದಿಯಂತೆ ಓಡಿಸುವ ಕಾರಿಗೆ ಒಂದು ನಿಜವಾದ ತಾಪಮಾನದ ಗೇಜ್ ಹಾಕಿಸುವುದು ಒಳ್ಳೆಯ ಖರ್ಚು.

ಪೆಡಲ್ ಒತ್ತಿದಾಗ ಎಣ್ಣೆಯ ಒತ್ತಡದಿಂದ ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರ್ ಈ ಕಾರಿನ ಹಳೇ ಕಾಯಿಲೆ. ರಬ್ಬರ್ ಮುಸುಕು ಸರಿಸಿ ನೋಡಿ, ಒಳಗೆ ತೇವ ಕಂಡರೆ ಸೋರುತ್ತಿದೆ ಎಂದರ್ಥ. ಡ್ರಿಫ್ಟಿನಲ್ಲಿ ಕ್ಲಚ್ ಒದೆಯುವುದು (ಚಕ್ಕನೆ ಒತ್ತಿ ತಟ್ಟನೆ ಬಿಡುವುದು) ಹೆಚ್ಚು, ಹಾಗಾಗಿ ಇದು ಟ್ರ್ಯಾಕಿನಲ್ಲೇ ಕೈಕೊಡುತ್ತದೆ: ಪೆಡಲ್ ಮೆತ್ತಗಾಗಿ ನೆಲಕ್ಕಿಳಿಯುತ್ತದೆ, ಮೊದಲ ಗೇರು ಬೀಳುವುದಿಲ್ಲ. ಭಾಗ ಅಗ್ಗ, ಎರಡು ಬೋಲ್ಟಿನ ಕೆಲಸ. ಒಂದು ಹೊಸದನ್ನೂ ಒಂದು ಬಾಟಲಿ ಬ್ರೇಕ್ ಎಣ್ಣೆಯನ್ನೂ ಡಿಕ್ಕಿಯಲ್ಲಿ ಇಟ್ಟುಕೊಳ್ಳಿ. ಗೇರ್‌ಬಾಕ್ಸ್ ಮತ್ತು ಡಿಫರೆನ್ಷಿಯಲ್ ಎಣ್ಣೆ ಯಾವಾಗ ಹಾಕಿದ್ದೆಂದು ತಿಳಿಯದಿದ್ದರೆ ಬದಲಾಯಿಸಿ. ಐದು ಗೇರಿನ ಪೆಟ್ಟಿಗೆಗೆ ಜಿಎಲ್-4 ದರ್ಜೆಯ 75ಡಬ್ಲ್ಯು-90 ಎರಡು ಲೀಟರ್, ಡಿಫರೆನ್ಷಿಯಲ್ಲಿಗೆ ಜಿಎಲ್-5 ದರ್ಜೆಯದು, 1.6ಕ್ಕೆ ಸುಮಾರು 0.65 ಲೀಟರ್, 1.8ಕ್ಕೆ ಒಂದು ಲೀಟರ್. ಬಿಚ್ಚುವಾಗ ಒಂದು ಕ್ರಮ: ಮೊದಲು ತುಂಬುವ ಬೋಲ್ಟ್ ಸಡಿಲವಾಗುತ್ತದೆಯೇ ನೋಡಿ, ಆಮೇಲೆ ಕೆಳಗಿನ ಬೋಲ್ಟ್ ತೆಗೆದು ಎಣ್ಣೆ ಇಳಿಸಿ. ಇಳಿಸಿದ ಮೇಲೆ ತುಂಬುವ ಬೋಲ್ಟ್ ಬರದೆ ಹೋದರೆ ಕಾರು ಅಲ್ಲೇ ನಿಂತುಬಿಡುತ್ತದೆ.

ಪವರ್ ಸ್ಟೀರಿಂಗ್ ತೆಗೆದು ಹಗುರ ಮಾಡುವ ಹುಚ್ಚು ಕೆಲವರಿಗಿದೆ. ಡ್ರಿಫ್ಟ್ ಕಲಿಯುವವರು ಅದನ್ನು ಇಟ್ಟುಕೊಳ್ಳಿ, ಕೈ ಬೇಗ ಓಡಲು ಅದು ಬೇಕು. ಸ್ಟೀರಿಂಗ್ ಇನ್ನಷ್ಟು ತಿರುಗಲಿ ಎಂದು ರ್‍ಯಾಕಿಗೆ ಸ್ಪೇಸರ್ ಹಾಕುವುದು, ಚಕ್ರವನ್ನು ಓರೆ ಮಾಡುವುದು, ಗಟ್ಟಿ ಸಸ್ಪೆನ್ಷನ್, ಇವೆಲ್ಲ ಆಮೇಲಿನ ಮಾತು. ಬುಷ್, ಬಾಲ್ ಜಾಯಿಂಟ್, ಟೈ ರಾಡ್ ಅಲ್ಲಾಡದೆ ಇದ್ದು, ಅಲೈನ್‌ಮೆಂಟ್ ಕಂಪನಿ ಹೇಳಿದ ಹಾಗಿದ್ದರೆ ಮೊದಲ ಕೆಲವು ತಿಂಗಳಿಗೆ ಧಾರಾಳವಾಯಿತು.

ಟೈರಿನ ಲೆಕ್ಕ

ಇಲ್ಲಿ ಹೆಚ್ಚು ಜನ ತಪ್ಪುತ್ತಾರೆ. ಕುದುರೆಶಕ್ತಿ ಹೆಚ್ಚಿದ್ದವರಿಗೆ ಹಿಂದುಗಡೆ ಅಗಲದ ಟೈರು ಬೇಕು. ಮಿಯಾಟಾಗೆ ಹಿಂದೆ ಸಣ್ಣದು, ಗಟ್ಟಿಯದು, ಅಗ್ಗದ್ದು ಆಗಬೇಕು. ಕಾರಿನ ಜೊತೆ ಬಂದ 14 ಇಂಚಿನ ರಿಮ್ಮಿಗೆ 185/60 ಅಳತೆಯ ಯಾವುದೇ ದೀರ್ಘ ಬಾಳಿಕೆಯ ಟೈರು ಸರಿಹೊಂದುತ್ತದೆ. ಮುಂದೆ ಮಾತ್ರ ಒಳ್ಳೆಯ ಹಿಡಿತದ್ದು ಹಾಕಿ, 15 ಇಂಚಿನ ರಿಮ್ಮಿಗೆ 195/50 ನಡೆಯುತ್ತದೆ. ಕಾರು ಎತ್ತ ಹೋಗಬೇಕೆಂದು ಹೇಳುವುದು ಮುಂಚಕ್ರ. ಅದೂ ಜಾರಿದರೆ ನಿಮಗೆ ಏನೂ ತಿಳಿಯುವುದಿಲ್ಲ. ರಿಮ್ಮಿನ ಬೋಲ್ಟ್ ಅಳತೆ 4×100, ಅಂದರೆ 100 ಮಿಲಿಮೀಟರ್ ವೃತ್ತದ ಮೇಲೆ ನಾಲ್ಕು ಬೋಲ್ಟ್. ಹಳೇ ಹೋಂಡಾಗಳ ರಿಮ್ಮೂ ಇದೇ ಅಳತೆಯದು, ಗುಜರಿಯಲ್ಲಿ ಸುಲಭವಾಗಿ ಸಿಗುತ್ತದೆ. ಆದರೆ ನಡುವಿನ ತೂತು ಮತ್ತು ಆಫ್‌ಸೆಟ್ ನೋಡಿಯೇ ತನ್ನಿ.

ಗಾಳಿ: ಮುಂದೆ 30 ಪಿಎಸ್‌ಐ ಆಸುಪಾಸು. ಹಿಂದೆ ಒದ್ದೆ ನೆಲದಲ್ಲಿ 30ರಿಂದಲೇ ಶುರು ಮಾಡಿ, ಒಣ ನೆಲಕ್ಕೆ 40ಕ್ಕೆ ಏರಿಸಿ. ಕಾದಂತೆ ಒತ್ತಡ ಏರುತ್ತದೆ. ಟೈರಿನ ಪಕ್ಕದಲ್ಲಿ ಬರೆದಿರುವ ಗರಿಷ್ಠ ಅಂಕಿಯನ್ನು ತಣ್ಣಗಿರುವಾಗ ದಾಟಬೇಡಿ. ಪ್ರತಿ ಸರದಿಯ ಕೊನೆಗೆ ಬಗ್ಗಿ ಹಿಂದಿನ ಟೈರಿನ ಎರಡೂ ಅಂಚು ನೋಡಿ. ತಂತಿ ಕಾಣುತ್ತಿದೆ ಅಥವಾ ಮೇಲ್ಪದರ ಒಂದೆಡೆ ಉಬ್ಬಿದೆ ಎಂದರೆ ಆ ಟೈರಿನ ಆಯುಷ್ಯ ಮುಗಿಯಿತು. ಇನ್ನೊಂದೇ ಸುತ್ತು ಎಂದು ಹೋದರೆ ಪದರ ಕಿತ್ತು ಚಾಟಿಯಂತೆ ಬೀಸಿ ಮಡ್‌ಗಾರ್ಡನ್ನೂ ಬ್ರೇಕ್ ಪೈಪನ್ನೂ ಹರಿಯುತ್ತದೆ.

ನಾಲ್ವರ ಪಾಳಿ

ಒಬ್ಬರು ಸ್ಟೀರಿಂಗ್ ಹಿಂದೆ, ಒಬ್ಬರು ತಡೆಗೋಡೆಯ ಹಿಂದೆ ನಿಂತು ಫೋನಿನಲ್ಲಿ ವಿಡಿಯೊ ತೆಗೆಯುವವರು, ಒಬ್ಬರು ಟೈರು, ಗಾಳಿ, ನೀರು, ಎಣ್ಣೆ ನೋಡುವವರು, ಒಬ್ಬರು ವಿಶ್ರಾಂತಿಗೆ. ಸರದಿ ಹತ್ತು ನಿಮಿಷಕ್ಕಿಂತ ಹೆಚ್ಚು ಬೇಡ. ಅಷ್ಟರೊಳಗೆ ಕಾರೂ ಕಾಯುತ್ತದೆ, ಓಡಿಸುವವರ ಕೈಯೂ ಬಿಗಿಯಾಗುತ್ತದೆ. ಇಳಿಯುವ ಮುನ್ನ ಒಂದೆರಡು ಸುತ್ತು ನಿಧಾನವಾಗಿ ಓಡಿಸಿ ತಣಿಸಿ, ಬಂದು ನಿಂತ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಕಾದ ಪ್ಯಾಡು ಡಿಸ್ಕಿಗೆ ಅಂಟುತ್ತದೆ. ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಅಡ್ಡ ಕೊಡಿ.

ವಿಡಿಯೊದವರು ಕಾರನ್ನಷ್ಟೇ ಅಲ್ಲ, ಮುಂಚಕ್ರ ಯಾವಾಗ ಎತ್ತ ತಿರುಗಿತು ಎಂಬುದನ್ನೂ ಹಿಡಿಯಬೇಕು. ಓಡಿಸಿದವರು ಇಳಿದ ತಕ್ಷಣ ನೋಡಿದರೆ ಅರ್ಧ ಪಾಠ ಅಲ್ಲೇ ಆಗುತ್ತದೆ. ಕಾರು ಜಾರಿ ಹೋಗುವ ಹೊರಬದಿಯಲ್ಲಿ ಯಾರೂ ನಿಲ್ಲಕೂಡದು, ತಡೆಗೋಡೆ ಇದ್ದರೂ ಅದಕ್ಕೆ ಒರಗಕೂಡದು.

ದುಡ್ಡಿನ ಮಾತನ್ನು ಕಾರು ಕೊಳ್ಳುವ ದಿನವೇ ಬರೆದಿಟ್ಟುಕೊಳ್ಳಿ: ಯಾರ ಕೈಯಲ್ಲಿ ಮುರಿದರೂ ಕಾರಿನ ಖರ್ಚು ನಾಲ್ವರದು, ಟೈರು ಅವರವರದು, ಗೋಡೆಗೆ ಗುದ್ದಿ ಟ್ರ್ಯಾಕಿನವರು ಕೇಳುವ ದಂಡ ಗುದ್ದಿದವರದು. ಕ್ಲಚ್ಚು ಮೂರನೆಯವರ ಸರದಿಯಲ್ಲಿ ಸುಟ್ಟರೆ ಅದನ್ನು ಸುಟ್ಟವರು ಮೊದಲ ಇಬ್ಬರೂ ಹೌದು. ಇದು ಮೊದಲೇ ತೀರ್ಮಾನವಾಗದಿದ್ದರೆ ಸ್ನೇಹ ಹಳಸುತ್ತದೆ.

ಒದ್ದೆ ನೆಲದಲ್ಲಿ ಮೊದಲ ಸುತ್ತು

ಪೆಟ್ರೋಲು ಅರ್ಧ ಟ್ಯಾಂಕಿನ ಮೇಲಿರಲಿ. ಕಾಲು ಟ್ಯಾಂಕಿಗಿಂತ ಇಳಿದರೆ ಒಂದೇ ಕಡೆ ಸುತ್ತುವಾಗ ಪೆಟ್ರೋಲು ಪಕ್ಕಕ್ಕೆ ಸರಿದು ಪಂಪಿಗೆ ಸಿಗದೆ ಎಂಜಿನ್ ಮುಗ್ಗರಿಸುತ್ತದೆ. ಡಿಕ್ಕಿಯಲ್ಲಿ ತಂದ ಸಾಮಾನನ್ನೆಲ್ಲ ಇಳಿಸಿಡಿ, ಓಡಿಸುವಾಗ ಅಲ್ಲೂ ಸೀಟಿನ ಕೆಳಗೂ ಏನೂ ಉಳಿಯಬಾರದು. ಉರುಳಿ ಬಂದ ನೀರಿನ ಬಾಟಲಿ ಬ್ರೇಕ್ ಪೆಡಲಿನ ಕೆಳಗೆ ಸಿಕ್ಕಿಕೊಳ್ಳುತ್ತದೆ. ಚಕ್ರ ನೇರ ಇರುವಾಗ ಸ್ಟೀರಿಂಗಿನ ನೆತ್ತಿಗೆ ಒಂದು ಹಳದಿ ಟೇಪು ಸುತ್ತಿ. ಜಾರುವಾಗ ಚಕ್ರ ಎಲ್ಲಿದೆ ಎಂದು ಕಣ್ಣಂಚಿನಲ್ಲೇ ತಿಳಿಯುತ್ತದೆ.

ಒಂದು ಟ್ರಾಫಿಕ್ ಕೋನ್ ನಡುವೆ ಇಟ್ಟು ಅದರ ಸುತ್ತ ಏಳೆಂಟು ಮೀಟರ್ ದೂರದಲ್ಲಿ ಮೊದಲ ಗೇರಿನಲ್ಲಿ 20 ಕಿಲೋಮೀಟರ್ ವೇಗದಲ್ಲಿ ಸುತ್ತಿ. ಈಗ ಆಕ್ಸಿಲರೇಟರನ್ನು ಜೋರಾಗಿ ಒತ್ತಿ. ಒದ್ದೆಯಲ್ಲಿ ಹಿಂದುಗಡೆ ತಾನಾಗಿ ಹೊರಗೆ ಹೋಗುತ್ತದೆ. ಹೋಗದಿದ್ದರೆ ಕ್ಲಚ್ ಒಮ್ಮೆ ಚಕ್ಕನೆ ಒತ್ತಿ, ಎಂಜಿನ್ ನಿಮಿಷಕ್ಕೆ 4000 ಸುತ್ತು ತಲುಪಿದಾಗ ತಟ್ಟನೆ ಬಿಡಿ. ಹಿಂದುಗಡೆ ಕಿತ್ತುಕೊಂಡ ಕ್ಷಣದಲ್ಲಿ ಸ್ಟೀರಿಂಗಿನ ಹಿಡಿತ ಸಡಿಲಿಸಿ. ಮುಂಚಕ್ರಗಳ ಕ್ಯಾಸ್ಟರ್ ಕೋನದಿಂದಾಗಿ (ಅವು ತಿರುಗುವ ಅಚ್ಚು ಹಿಂದಕ್ಕೆ ವಾಲಿರುವುದರಿಂದ) ಅವು ಕಾರು ಸಾಗುತ್ತಿರುವ ದಿಕ್ಕಿಗೆ ತಾವಾಗಿ ತಿರುಗುತ್ತವೆ. ಸ್ಟೀರಿಂಗ್ ನಿಮ್ಮ ಅಂಗೈಯೊಳಗೆ ಸರ್ರನೆ ಜಾರಿ ಹೋಗುವುದು ತಿಳಿಯುತ್ತದೆ. ಸಾಕೆನ್ನಿಸಿದಲ್ಲಿ ಹಿಡಿಯಿರಿ. ಹೆಬ್ಬೆರಳನ್ನು ಸ್ಟೀರಿಂಗಿನ ಒಳಗೆ ಸಿಕ್ಕಿಸಬೇಡಿ, ಕಡ್ಡಿ ಬಡಿದು ಉಳುಕುತ್ತದೆ.

ಈಗ ಕೆಲಸ ಬಲಗಾಲಿನದು. ತುಸು ಒತ್ತಿದರೆ ಕಾರು ಓರೆಯಾಗುವ ಕೋನವೂ ಸುತ್ತುವ ವೃತ್ತವೂ ದೊಡ್ಡದಾಗುತ್ತವೆ. ತುಸು ಬಿಟ್ಟರೆ ಹಿಂಚಕ್ರಕ್ಕೆ ಹಿಡಿತ ಮರಳಿ ಕಾರು ನೆಟ್ಟಗಾಗಲು ನೋಡುತ್ತದೆ. ಪೂರ್ತಿ ಬಿಟ್ಟರೆ ಹಿಂಚಕ್ರ ಒಮ್ಮೆಲೇ ಕಚ್ಚಿ, ನೀವು ತಿರುಗಿಸಿಟ್ಟ ಮುಂಚಕ್ರ ಕಾರನ್ನು ಆಚೆ ಬದಿಗೆ ಎಸೆಯುತ್ತದೆ. ಹೊಸಬರು ಹೆದರಿದಾಗ ಮಾಡುವ ಮೊದಲ ಕೆಲಸವೇ ಇದು, ಪೂರ್ತಿ ಬಿಡುವುದು. ಹಾಗಾಗಿ ಮೊದಲ ದಿನದ ಗುರಿ ಕೋನವಲ್ಲ, ಕಾಲನ್ನು ಒಂದಿಷ್ಟೇ ಸರಿಸುವುದು. ಕಣ್ಣು ಮುಂಗಾಜಿನಲ್ಲಿರಬಾರದು. ಕಾರು ಓರೆಯಾಗಿ ಸಾಗುತ್ತಿರುತ್ತದೆ, ನೀವು ಹೋಗಬೇಕಾದ ಜಾಗ ಪಕ್ಕದ ಕಿಟಕಿಯಲ್ಲಿ ಕಾಣುತ್ತದೆ. ಟ್ರಾಫಿಕ್ ಕೋನ್ ಅನ್ನೇ ದಿಟ್ಟಿಸಿದರೆ ಅದಕ್ಕೇ ಹೋಗಿ ಗುದ್ದುತ್ತೀರಿ.

ಸುತ್ತಿಕೊಂಡಿತು, ಇನ್ನು ಹಿಡಿಯಲಾಗದು ಅನ್ನಿಸಿದರೆ ಕ್ಲಚ್ಚು ಬ್ರೇಕು ಎರಡನ್ನೂ ಪೂರ್ತಿ ಒತ್ತಿ, ನಿಲ್ಲುವವರೆಗೆ ಬಿಡಬೇಡಿ. ಕ್ಲಚ್ ಒತ್ತದಿದ್ದರೆ ಕಾರು ಹಿಂದಕ್ಕೆ ಉರುಳುವಾಗ ಎಂಜಿನ್ ಗಕ್ಕನೆ ನಿಲ್ಲುತ್ತದೆ. ಬ್ರೇಕನ್ನು ನಡುವೆ ಬಿಟ್ಟರೆ ಕಾರು ಊಹಿಸದ ಕಡೆ ನುಗ್ಗುತ್ತದೆ.

ಎಡಕ್ಕೂ ಬಲಕ್ಕೂ ಸಮನಾಗಿ ಕಲಿಯಿರಿ. ಎಲ್ಲರಿಗೂ ಒಂದು ಬದಿ ಬೇಗ ಬರುತ್ತದೆ, ಅದರಲ್ಲೇ ಸುತ್ತುತ್ತಾ ಕೂರುತ್ತಾರೆ. ಕೋನ್ ಸುತ್ತ ಮೂರು ಪೂರ್ತಿ ಸುತ್ತು ಬಿಡದೆ ಎರಡೂ ಬದಿಗೆ ಹೊಡೆಯಲು ಬಂದಮೇಲೆ ಮುಂದಿನದಕ್ಕೆ ಹೋಗಿ.

ಎಂಟರ ಆಕಾರ

ಇಪ್ಪತ್ತು ಮೀಟರ್ ಅಂತರದಲ್ಲಿ ಎರಡು ಕೋನ್ ಇಡಿ. ಒಂದನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಸುತ್ತಬೇಕು. ಮಿಯಾಟಾದ ಗಿಡ್ಡ ಮೈ ನಿಮ್ಮನ್ನು ಪರೀಕ್ಷಿಸುವುದು ಇಲ್ಲಿ, ಕಲಿಕೆಯ ಹೆಚ್ಚಿನ ಸಮಯವನ್ನು ಇದಕ್ಕೇ ಕೊಡಿ.

ಮೊದಲ ವೃತ್ತ ಮುಗಿಯುತ್ತಾ ಕಾರಿನ ಮೂಗು ಎರಡನೇ ಕೋನಿನ ಹೊರಬದಿಗೆ ನೋಡುತ್ತಿರುವಾಗ ಕಾಲನ್ನು ಒಮ್ಮೆ ಬೇಗ ಸಡಿಲಿಸಿ. ಮೊದಲು ತಪ್ಪೆಂದು ಹೇಳಿದ ಅದೇ ಎಸೆತವನ್ನು ಈಗ ಬೇಕೆಂದೇ ಕರೆಯುತ್ತಿದ್ದೀರಿ. ಹಿಂಚಕ್ರ ಕಚ್ಚಿ ಕಾರು ಆಚೆಗೆ ತೂಗುತ್ತದೆ. ಅದು ತೂಗಲು ಶುರುವಾದ ಕೂಡಲೇ ಸ್ಟೀರಿಂಗ್ ಬಿಡಿ. ಹಳದಿ ಟೇಪು ನೆತ್ತಿಯನ್ನು ದಾಟಿ ಇನ್ನೊಂದು ಬದಿಗೆ ಓಡುತ್ತದೆ. ಟೇಪು ನೆತ್ತಿ ದಾಟುವಾಗಲೇ ಆಕ್ಸಿಲರೇಟರಿಗೆ ಕಾಲು ಮರಳಬೇಕು. ಇಡೀ ತೂಗಾಟ ಒಂದು ಸೆಕೆಂಡಿನ ಆಸುಪಾಸಿನಲ್ಲಿ ಮುಗಿಯುತ್ತದೆ.

ತಪ್ಪುವ ಬಗೆ ಮುಖ್ಯವಾಗಿ ಮೂರು. ಕೈಯಿಂದಲೇ ಎಳೆದು ತಿರುಗಿಸಲು ಹೋದರೆ ಕಾರಿನ ವೇಗಕ್ಕೆ ಕೈ ಸಾಲದೆ ಪೂರ್ತಿ ಸುತ್ತಿಕೊಳ್ಳುತ್ತೀರಿ. ಸ್ಟೀರಿಂಗನ್ನು ಸರಿಯಾಗಿ ಬಿಟ್ಟು ಹಿಡಿಯುವುದು ತಡವಾದರೆ ಮುಂಚಕ್ರ ಬೇಕಾದ್ದಕ್ಕಿಂತ ಹೆಚ್ಚು ತಿರುಗಿ ಕಾರು ನೆಟ್ಟಗಾಗುತ್ತದೆ, ಇಲ್ಲವೇ ಮತ್ತೆ ಹಳೇ ಬದಿಗೆ ಬೀಸುತ್ತದೆ. ಕಾಲು ತಡವಾದರೆ ಹಿಂಚಕ್ರಕ್ಕೆ ಹಿಡಿತ ಪೂರ್ತಿ ಬಂದು ಎರಡನೇ ವೃತ್ತ ಸಾಮಾನ್ಯ ತಿರುವಾಗಿ ಮುಗಿಯುತ್ತದೆ. ಯಾವುದಾಯಿತೆಂದು ಓಡಿಸಿದವರಿಗೆ ಬಹುತೇಕ ಗೊತ್ತಾಗುವುದಿಲ್ಲ, ವಿಡಿಯೊದಲ್ಲಿ ಮುಂಚಕ್ರ ನೋಡಿದರೆ ಮರುಕ್ಷಣ ಗೊತ್ತಾಗುತ್ತದೆ.

ತಿರುವಿಗೆ ನುಗ್ಗುವುದು

ಎಂಟರ ಆಕಾರ ಸಲೀಸಾದ ಮೇಲೆ ಎರಡನೇ ಗೇರು. 1.6ರಲ್ಲಿ ಎರಡನೇ ಗೇರು 7000 ಸುತ್ತಿನಲ್ಲಿ ಗಂಟೆಗೆ 90 ಕಿಲೋಮೀಟರ್ ದಾಟುತ್ತದೆ, ಹಾಗಾಗಿ ಕಲಿಯುವ ಯಾವ ತಿರುವಿಗೂ ಮೂರನೆಯದು ಬೇಕಾಗುವುದಿಲ್ಲ.

ಹ್ಯಾಂಡ್‌ಬ್ರೇಕಿನಿಂದ ಶುರು ಮಾಡಿ, ಎಲ್ಲಕ್ಕಿಂತ ಊಹೆಗೆ ಸಿಗುವ ದಾರಿ ಅದು. ಒದ್ದೆಯಲ್ಲಿ 45-50 ಕಿಲೋಮೀಟರ್ ವೇಗದಲ್ಲಿ ಬಂದು, ತಿರುವಿನೊಳಗೆ ಸ್ಟೀರಿಂಗ್ ಕೊಟ್ಟು, ಕ್ಲಚ್ ಒತ್ತಿ, ಲಿವರಿನ ಗುಂಡಿಯನ್ನು ಒತ್ತಿಹಿಡಿದೇ ಹ್ಯಾಂಡ್‌ಬ್ರೇಕ್ ಚಕ್ಕನೆ ಎಳೆದು ಬಿಡಿ. ಗುಂಡಿ ಒತ್ತದಿದ್ದರೆ ಲಿವರ್ ಮೇಲೆಯೇ ಸಿಕ್ಕಿಕೊಂಡು ಹಿಂಚಕ್ರ ಕಚ್ಚಿದಂತೆಯೇ ಇರುತ್ತದೆ. ಗುಂಡಿಯನ್ನು ಸದಾ ಒತ್ತಿ ಹಿಡಿಯುವ ಒಂದು ಪುಟ್ಟ ಬಳೆ ಕೆಲವೇ ಡಾಲರಿಗೆ ಸಿಗುತ್ತದೆ. ಹಾಕಿಕೊಂಡರೆ ಪಾರ್ಕಿಂಗ್ ಮಾಡುವಾಗ ಹ್ಯಾಂಡ್‌ಬ್ರೇಕ್ ನಿಲ್ಲುವುದಿಲ್ಲ ಎಂಬುದು ನಾಲ್ವರಿಗೂ ನೆನಪಿರಬೇಕು. ಹಿಂದುಗಡೆ ಹೊರಟ ಕೂಡಲೇ ಆಕ್ಸಿಲರೇಟರ್ ಒತ್ತಿ ಎಂಜಿನ್ ಏರಿಸಿ ಕ್ಲಚ್ ಬಿಡಿ. ಏರಿಸದೆ ಬಿಟ್ಟರೆ ಜಾರುವಿಕೆ ಅಲ್ಲಿಗೇ ಸಾಯುತ್ತದೆ.

ಇದಾದ ಮೇಲೆ ಫೇಂಟ್. ಬಲ ತಿರುವಿದ್ದರೆ ಮೊದಲು ಎಡಕ್ಕೆ ತುಸು ತಿರುಗಿಸಿ, ಕಾಲು ಸಡಿಲಿಸಿ, ಬಲಕ್ಕೆ ಕೊಡಿ. ಎಂಟರ ಆಕಾರದ ತೂಗಾಟವೇ ಇದು. ಹಗುರ ಕಾರಿಗೆ ಇಷ್ಟು ಒಪ್ಪುವ ವಿಧಾನ ಇನ್ನೊಂದಿಲ್ಲ, ಎಂಜಿನ್ನಿಗೆ ಇಲ್ಲದ ಬಲವನ್ನು ಕಾರಿನ ತೂಕವೇ ಕೊಡುತ್ತದೆ.

ಒಣ ನೆಲಕ್ಕೆ ಹೋದ ದಿನ ಎಲ್ಲವೂ ಮರೆತ ಹಾಗೆ ಅನ್ನಿಸುತ್ತದೆ. ಕಾರು ಒಮ್ಮೆ ಜಾರಿ, ಎಂಜಿನ್ ಗುಂಯ್ ಎಂದು ಕುಸಿದು, ನೆಟ್ಟಗಾಗುತ್ತದೆ. ಹಿಂಚಕ್ರವನ್ನು ಸುತ್ತಿಸಿಡಲು ಬಲ ಸಾಲುತ್ತಿಲ್ಲ ಎಂದರ್ಥ. ಹಿಂದಿನ ಗಾಳಿ ಏರಿಸಿ, ಬರುವ ವೇಗವನ್ನು ಐದೈದು ಕಿಲೋಮೀಟರ್ ಹೆಚ್ಚಿಸಿ, ಕ್ಲಚ್ ಒದೆಯುವಾಗ ಎಂಜಿನ್ 5500 ಸುತ್ತಿನ ಮೇಲಿರಲಿ, ಮತ್ತು ಕೋನ ಕಡಿಮೆ ಹಿಡಿಯಿರಿ. ಕೋನ ಹೆಚ್ಚಾದಷ್ಟೂ ವೇಗ ಸತ್ತುಹೋಗುತ್ತದೆ, ಅದನ್ನು ಮರಳಿ ಗಳಿಸುವ ಎಂಜಿನ್ ಇದಲ್ಲ. ಕ್ಲಚ್ ಒದೆತ ಪೆಡಲಿನ ಮೇಲರ್ಧದಲ್ಲಿ ಚಿಕ್ಕದಾಗಿ ಇರಲಿ. ನಿಧಾನವಾಗಿ ಬಿಟ್ಟರೆ ಪ್ಲೇಟ್ ಉಜ್ಜಿ ಸುಟ್ಟ ವಾಸನೆ ಬರುತ್ತದೆ. ಆ ವಾಸನೆ ಬಂದರೆ ಸರದಿ ನಿಲ್ಲಿಸಿ, ಕಾರನ್ನು ಕಾಲು ಗಂಟೆ ಬಿಡಿ.

ಹಿಂದೆಮುಂದೆ ಎರಡು ಕಾರು ಜೋಡಿಯಾಗಿ ಜಾರುವ ಆಟಕ್ಕೆ ಬೇರೆ ಗುಂಪಿನ ಗೆಳೆಯರು ಕರೆದರೆ ಈ ಹಂತದಲ್ಲಿ ಒಪ್ಪಬೇಡಿ. ಮುಂದಿನವರು ಸುತ್ತಿಕೊಂಡು ಅಡ್ಡ ನಿಂತರೆ ತಪ್ಪಿಸಿಕೊಳ್ಳುವ ದಾರಿ ನಿಮ್ಮ ಕೈಗೆ ತಾನಾಗಿ ಬರುವಷ್ಟು ಅಭ್ಯಾಸವಾಗಿರಬೇಕು, ಅದನ್ನು ಟ್ರ್ಯಾಕಿನ ತರಬೇತುದಾರರು ನೋಡಿ ಹೇಳಲಿ.

ಮನೆಗೆ ಹೊರಡುವ ಮುಂಚೆ

ಸವೆದ ಟೈರು ಬಿಚ್ಚಿ ಒಳ್ಳೆಯ ಜೋಡಿ ಹಾಕಿ. ಚಕ್ರದ ನಟ್ಟಿಗೆ 21ರ ಸಾಕೆಟ್, ಟಾರ್ಕ್ ವ್ರೆಂಚಿನಲ್ಲಿ 110 ನ್ಯೂಟನ್ ಮೀಟರ್, ಎದುರುಬದುರಾಗಿ ಬಿಗಿಯಿರಿ. ಗಾಳಿಯನ್ನು ರಸ್ತೆಯ ಒತ್ತಡಕ್ಕೆ ಇಳಿಸಿ, ಹಳೇ ಮಿಯಾಟಾಗೆ ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಬರೆದಿರುವುದು 26 ಪಿಎಸ್‌ಐ. ಎಂಜಿನ್ ಎಣ್ಣೆ, ರೇಡಿಯೇಟರ್ ನೀರು, ಕ್ಲಚ್ ಡಬ್ಬಿಯ ಮಟ್ಟ ನೋಡಿ. ರೇಡಿಯೇಟರ್ ಮುಚ್ಚಳ ಕಾದಿರುವಾಗ ತೆಗೆಯಬೇಡಿ. ಕೆಳಗೆ ಬಗ್ಗಿ ಆಕ್ಸಲ್ಲಿನ ರಬ್ಬರ್ ಮುಸುಕು ಹರಿದು ಗ್ರೀಸ್ ಚಿಮ್ಮಿದೆಯೇ ಎಂದು ಟಾರ್ಚ್ ಹಿಡಿದು ನೋಡಿ. ಬ್ರೇಕ್ ಪೆಡಲ್ ನಿಂತಲ್ಲೇ ಮೂರು ಸಲ ಒತ್ತಿ, ಮೆತ್ತಗಿದ್ದರೆ ಬ್ರೇಕ್ ಎಣ್ಣೆ ಕುದಿದಿರಬಹುದು, ಹಾಗೇ ಹೊರಡಬೇಡಿ.

ಓಡಿಸಿಕೊಂಡು ಹೋಗುವವರು ಆ ದಿನ ಕಡಿಮೆ ಸರದಿ ಮಾಡಿದವರಾಗಿರಲಿ. ಇಡೀ ದಿನ ಕಾಲಿನಡಿ ಜಾರಿದ ಕಾರಿನಿಂದ ನೇರ ಹೈವೇಗೆ ಬಂದಾಗ ವೇಗದ ಅಂದಾಜು ತಪ್ಪುತ್ತದೆ. ಐವತ್ತು ಮೈಲಿ ದಾಟಿದ ಮೇಲೆ ಮೊದಲು ಸಿಗುವ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ ನಟ್ಟುಗಳನ್ನು ಇನ್ನೊಮ್ಮೆ ಟಾರ್ಕ್ ವ್ರೆಂಚಿನಿಂದ ಬಿಗಿಯಿರಿ.